ಅಣ್ಣನ ಮೂರು ನಿಮಿಷ

ಮಾರ್ಚ್ ೧೪, ಶುಕ್ರವಾರ.

ಗಂಟೆ ಬಾರಿಸಿದವನು ನಾನೇ. ಮುಚ್ಚಿದ ಅಣುಸ್ಥಾವರದ ವಿಷಮಣ್ಣನ್ನು ಅಗೆದು ಸಾಗಿಸಬೇಕೋ, ಅಲ್ಲೇ ಕಾಂಕ್ರೀಟ್ ಸುರಿದು ಮುಚ್ಚಬೇಕೋ ಎಂದು ಇವತ್ತು ಸಭೆ ಕರೆದಿದ್ದರು. ಕಂಡವರ ಮಕ್ಕಳನ್ನು ಬಾವಿಗೆ ತಳ್ಳಿ ಆಳ ನೋಡಿದವರಿಗೆ ಈಗ ಜನರ ಅಭಿಪ್ರಾಯ ಬೇಕಂತೆ. ಮಾತಿಗೆ ತಲೆಗೆ ಮೂರು ನಿಮಿಷ. ಸಮಯ ಮುಗಿದ ಕೂಡಲೇ ಗಂಟೆ ಬಾರಿಸುವುದು ಗುಮಾಸ್ತನಾದ ನನ್ನ ಕೆಲಸ. ಸ್ಥಾವರದ ಗೇಟನ್ನೇ ದಾಟದ ಜಮೀನು ದಲ್ಲಾಳಿ 'ಉದ್ಯಾನ ಮಾಡೋಣ' ಎಂದು ಚಪ್ಪಾಳೆ ಗಿಟ್ಟಿಸಿದ. ಅಲ್ಲೇ ಹತ್ತೊಂಬತ್ತು ವರ್ಷ ದುಡಿದ ನನ್ನಣ್ಣನಿಗೆ, 'ಆ ಮಣ್ಣನ್ನ ನಾವು ಬರಿಗೈಲಿ' ಎನ್ನುವಷ್ಟರಲ್ಲಿ ಕೆಮ್ಮು ಹತ್ತಿತು. ಮೂರು ನಿಮಿಷವೂ ಕೆಮ್ಮಿದ. ಬಾರಿಸಿದೆ. ವರದಿಯಲ್ಲಿ 'ಅಭಿಪ್ರಾಯವಿಲ್ಲ' ಎಂದೂ ಬರೆದೆ. ಸಾಹೇಬರು ಬೆನ್ನು ತಟ್ಟಿದರು.

ಮನೆಯಲ್ಲಿ ಅತ್ತಿಗೆ ಕೂಗಾಡಲಿಲ್ಲ. 'ವಾರದಿಂದ ನಿಮ್ಮಣ್ಣ ಗಡಿಯಾರ ಇಟ್ಕೊಂಡು ಅಭ್ಯಾಸ ಮಾಡ್ತಿದ್ರು. ನಿನಗೆ ಗಂಟೆ ಹೊಡೆಯೋ ಸಂಕಟ ಬೇಡ ಅಂತ ಮಾತನ್ನ ಎರಡೂವರೆ ನಿಮಿಷಕ್ಕೇ ಇಳಿಸಿದ್ರು' ಎಂದರು.