ಹನಿ ಪರೀಕ್ಷೆ

ಪರೀಕ್ಷೆ ಕೋಣೆ, ನಿನ್ನ ಹಳೇ ಮೇಜು
ಜುಲೈ ೧೧, ಊಟದ ಬಿಡುವು

ಪ್ರೀತಿಯ ಅಪ್ಪಾ,

ಮಂಡಿನೋವು ಹೇಗಿದೆ? ತಮ್ಮನ ಮನೆಯ ಮೆಟ್ಟಿಲು ಹತ್ತಿಳಿಯುವುದನ್ನು ಕಡಿಮೆ ಮಾಡು. ಮಾತ್ರೆ ತಗೊಂಡೆ ಅಂತ ಫೋನಿನಲ್ಲಿ ನೀನು ಹೇಳಿದ್ದನ್ನು ನಾನು ನಂಬಿಲ್ಲ. ತಮ್ಮನ ಹೆಂಡತಿಯನ್ನು ಕೇಳಿ ಖಾತ್ರಿ ಮಾಡಿಕೊಂಡೆ. ಬೇಜಾರಾಗಬೇಡ, ಹಾಲನ್ನೂ ಮೂಸಿ ನೋಡಿ ಕಾಯಿಸುವವಳು ನಾನು, ನಿನಗೆ ಗೊತ್ತಲ್ಲ.

ಮೂರು ವಾರದಿಂದ ಇಲ್ಲಿ ನನ್ನ ಅನುಮಾನಕ್ಕೆ ಮೇವೋ ಮೇವು. ನಮ್ಮ ಹೆಲ್ಮೆಟ್ ಗ್ಲಾಸಿನ ಮೇಲೆ ಮಳೆನೀರು ನಿಲ್ಲದೆ ಹನಿಹನಿಯಾಗಿ ಉರುಳಿ ಹೋಗಬೇಕು. ಅದಕ್ಕೇ ತಾನೇ ಆ ಪ್ಲಾಸ್ಟಿಕ್ಕಿಗೆ ಕೋಟಿಂಗ್ ಕೊಡುವುದು? ಆದರೆ ಬೈಕಿನಲ್ಲಿ ಔಷಧಿ ತಲುಪಿಸುವವರಿಂದ ದೂರು ಬಂತು. ಮಳೆಯಲ್ಲಿ ಗ್ಲಾಸಿನ ಮೇಲೆ ನೀರು ಪರದೆ ಕಟ್ಟುತ್ತದಂತೆ, ದಾರಿಯೇ ಕಾಣುವುದಿಲ್ಲವಂತೆ. ಒಬ್ಬ ಸವಾರ ಲಾರಿಯ ಹಿಂಬದಿಗೆ ಗುದ್ದಿ ಆಸ್ಪತ್ರೆಯಲ್ಲಿದ್ದಾನೆ. ಸೋಮವಾರ ಇನ್ನೂ ಎರಡು ಸಾವಿರ ಗ್ಲಾಸು ಹೊರಡಬೇಕು. ನನ್ನ ಪರೀಕ್ಷೆಯಲ್ಲೋ, ಒಂದೂ ಫೇಲಾಗಿಲ್ಲ! ಅಂದಮೇಲೆ ಯಾರೋ ಕಳ್ಳಾಟ ಆಡುತ್ತಿದ್ದಾರೆ.

ಮೊದಲು ಕಣ್ಣು ಹೋದದ್ದು ಕೋಟಿಂಗಿನ ದ್ರಾವಣ ಕಲಸುವ ಬಕ್ಕತಲೆಯವನ ಮೇಲೆ. ಡ್ರಮ್ಮಿನಲ್ಲಿ ಏನಿದೆ ಎಂದು ಸುಮ್ಮನೆ ಕೇಳಿದ್ದಕ್ಕೆ ‘ನಾನೇನೂ ನೀರು ಬೆರೆಸಿಲ್ಲಮ್ಮ’ ಎಂದ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ! ಆದರೆ ಡ್ರಮ್ಮಿನಲ್ಲಿ ನೀರು ಬೆರೆತಿರಲಿಲ್ಲ. ಆಮೇಲೆ, ಕೋಟಿಂಗ್ ಒಣಗಿಸುವ ಒಲೆಯವಳು ಹತ್ತು ನಿಮಿಷ ಮೊದಲೇ ಗ್ಲಾಸು ತೆಗೆಯುತ್ತಾಳೋ ಎಂದು ಗಡಿಯಾರ ಹಿಡಿದು ಕಂಬದ ಹಿಂದೆ ನಿಂತೆ. ಅವಳು ಒಂದು ನಿಮಿಷವೂ ತಪ್ಪಲಿಲ್ಲ, ನನಗೆ ಸೊಂಟ ಹಿಡಿಯಿತು.

ನಿನ್ನೆ, ಹೋಲಿಸಿ ನೋಡೋಣವೆಂದು, ಕೋಟಿಂಗೇ ಇಲ್ಲದ ಬರೀ ಗ್ಲಾಸೊಂದನ್ನು ತಂದೆ. ಅಭ್ಯಾಸಬಲ ನೋಡು, ಅದನ್ನೂ ನಿನ್ನ ಹಳದಿ ಬಟ್ಟೆಯಿಂದ ಒರೆಸಿಬಿಟ್ಟೆ. ಹೋದ ವರ್ಷ ಕೆಲಸ ಬಿಡುವ ದಿನ ಈ ಮೇಜಿನ ಜೊತೆ ನೀನು ಕೊಟ್ಟ ಬಟ್ಟೆ: ‘ಧೂಳಿದ್ರೆ ಹನಿ ಸುಳ್ಳು ಹೇಳುತ್ತೆ, ಮೊದಲು ಇದರಲ್ಲಿ ಒರೆಸು.’ ಒರೆಸಿ ನೀರು ಬಿಟ್ಟೆ. ಬರೀ ಗ್ಲಾಸಿನ ಮೇಲೆ ಹನಿ ಮುತ್ತಿನ ಹಾಗೆ ದುಂಡಗೆ ಕೂತಿತು! ವಾಲಿಸಿದರೆ ಉರುಳಿ ಹೋಯಿತು. ಸೋಮವಾರ ಹೊರಡುವ ಗ್ಲಾಸುಗಳಲ್ಲಿ ಹತ್ತನ್ನು ಒರೆಸದೆ ಪರೀಕ್ಷಿಸಿದೆ. ಹತ್ತರಲ್ಲೂ ನೀರು ಚಪ್ಪಟೆಯಾಗಿ ಹರಡಿಕೊಂಡಿತು. ಬಟ್ಟೆ ಮೂಸಿದೆ. ಕಾರಿಗೆ ಹಚ್ಚುವ ಪಾಲಿಶ್ ವಾಸನೆ ಅಪ್ಪಾ. ಇಷ್ಟು ದಿನ ಪಾಸಾಗಿದ್ದು ಕೋಟಿಂಗ್ ಅಲ್ಲ, ನಿನ್ನ ಬಟ್ಟೆ.

ಹಿಂದೊಮ್ಮೆ ಅದನ್ನು ಸೋಪು ಹಾಕಿ ಒಗೆಯಲು ಹೋದಾಗ ‘ಮುಟ್ಟಬೇಡ ಅಂದಿಲ್ವಾ!’ ಎಂದು ನೀನು ಕೂಗಾಡಿದ್ದು ನೆನಪಾಯಿತು. ಆದರೂ ನನ್ನಪ್ಪ ಅಂಥವನಲ್ಲ. ಯಾರೋ ಪಾಲಿಶ್ ಹಚ್ಚಿದ ಬಟ್ಟೆ ನಿನ್ನ ಡ್ರಾಯರಿಗೆ ಸೇರಿರಬೇಕು, ನಿನಗೆ ಗೊತ್ತಿರಲಿಲ್ಲ. ಊರನ್ನೆಲ್ಲ ಅನುಮಾನಿಸುವ ನಾನು ಇದೊಂದನ್ನು ನಂಬುತ್ತೇನೆ. ನಾಳೆ ಮ್ಯಾನೇಜರ್ ಮುಂದೆ ಬಟ್ಟೆ ಇಟ್ಟು, ಸೋಮವಾರದ ಮಾಲು ನಿಲ್ಲಿಸಿ, ಹೋದದ್ದನ್ನೆಲ್ಲ ವಾಪಸ್ ತರಿಸಿ ಎನ್ನುತ್ತೇನೆ. ಬಟ್ಟೆ ನನ್ನದೇ ಎನ್ನುತ್ತೇನೆ. ಕೆಲಸ ಹೋದರೆ ಹೋಗಲಿ, ನಿನ್ನ ಹೆಸರು ಬರುವುದಿಲ್ಲ.

ಹೊತ್ತಿಗೆ ಸರಿಯಾಗಿ ಊಟ ಮಾಡು. ಎಲ್ಲರಿಗೂ ನೆನೆಸಿಕೊಂಡೆ ಎಂದು ಹೇಳು.

ನಿನ್ನ ಅನುಮಾನದ ಪುಟ್ಟಿ

ತಾ.ಕ.: ಲಕೋಟೆ ಅಂಟಿಸುವ ಮೊದಲು ತಮ್ಮನಿಗೆ ಫೋನ್ ಮಾಡಿದೆ. ನಾನೇ ಕಳಿಸಿದ, ನಮ್ಮ ಗ್ಲಾಸಿರುವ ಹೆಲ್ಮೆಟ್ಟನ್ನು ಮಳೆಯಲ್ಲಿ ಹಾಕಬೇಡ ಎನ್ನೋಣವೆಂದು. ಅವನು ನಕ್ಕ. ‘ಅದರ ಗ್ಲಾಸ್ ಅಪ್ಪ ಮೊದಲ ದಿನಾನೇ ಕಿತ್ತು, ಬೇರೆ ಕಂಪನಿದು ಹಾಕಿಸಿದ್ರು ಕಣಕ್ಕಾ. ನಿಂಗೆ ಹೇಳ್ಬೇಡ ಅಂದ್ರು.’ ಅಪ್ಪಾ, ಆಸ್ಪತ್ರೆಯಲ್ಲಿ ಮಲಗಿರುವವನೂ ಯಾರದೋ ಮಗ. ನಾಳೆ ಬಟ್ಟೆ ಯಾರದೆಂದು ಕೇಳಿದರೆ ನಿಜ ಹೇಳುತ್ತೇನೆ.