ಬಾಣಲೆ ಇಡದ ಹುಟ್ಟುಹಬ್ಬ

ಬಸವೇಶ್ವರನಗರ, ಬೆಂಗಳೂರು
17 ನವೆಂಬರ್ 2024, ಭಾನುವಾರ

ಪ್ರೀತಿಯ ಅನಘಾ,

ಹೇಗಿದ್ದೀಯಮ್ಮ? ಹಾಸನದಲ್ಲಿ ಚಳಿ ಶುರುವಾಗಿರಬೇಕು, ಬೆಳಗ್ಗೆ ಸ್ಕೂಲಿಗೆ ಪಾಠ ಮಾಡಲು ಹೊರಡುವಾಗ ಕಿವಿಗೆ ಏನಾದರೂ ಸುತ್ತಿಕೊ. ನಿನ್ನ ಅತ್ತೆ ಜಲಜಾಳ ಮಂಡಿನೋವು ಇದ್ದ ಹಾಗೇ ಇದೆ. ನಾನು ಉಣ್ಣುತ್ತೇನೆ, ಮಲಗುತ್ತೇನೆ, ಪೇಪರ್ ಓದುತ್ತೇನೆ. ಓದಿದ್ದು ತಲೆಗೆ ಹೋಗುವುದಿಲ್ಲ. ಕಳೆದ ವಾರ ನಿನ್ನ ತಾಯಿ ಫೋನ್ ಮಾಡಿದ್ದರು. ನಿನಗೊಂದು ಸಂಬಂಧ ಬಂದಿದೆ, ಹುಡುಗ ನಿನಗೂ ಒಪ್ಪಿಗೆ, ಆದರೆ ನಾವು ಹೂಂ ಅನ್ನದೆ ನೀನು ಮುಂದುವರಿಯುವುದಿಲ್ಲ ಎಂದರು. ನಮ್ಮ ಮಗ ಅಭಿನವ್ ಹೋಗಿ ವರ್ಷ ತುಂಬಿಲ್ಲ, ಅಲ್ಲಿಯವರೆಗೆ ಕಾಯಬೇಕೇ ಎಂದೂ ಕೇಳಿದರು. ನನಗದು ಬಿಸಿ ತುಪ್ಪವಾಯಿತು, ನುಂಗಲೂ ಆಗದು ಉಗುಳಲೂ ಆಗದು. ಫೋನನ್ನು ಜಲಜಾಳ ಕೈಗೆ ಕೊಟ್ಟೆ. ಅವಳು ಅದನ್ನು ಟೇಬಲ್ ಮೇಲಿಟ್ಟು ಒಳಗೆ ಹೋದಳು. ಕಾಗದ ಬರೆಯುತ್ತೇನೆ ಎಂದು ಹೇಳಿ ಮಾತು ಮುಗಿಸಿದೆ.

ನಿನ್ನೆ ಅಭಿನವ್‌ನ ಹುಟ್ಟುಹಬ್ಬ, ನೀನು ಮರೆತಿರುವುದಿಲ್ಲ. ಅವನ ಗೆಳೆಯ ಉದಯಕುಮಾರ್ ಬೆಳಗ್ಗೆಯೇ ಫೋನ್ ಮಾಡಿ, "ಅಂಕಲ್, ಸಂಜೆ ನಾವೆಲ್ಲ ಸುಮ್ನೆ ಬಂದು ಕೂತ್ಕೊಂಡು ಹೋಗ್ತೀವಿ" ಎಂದ. ಬನ್ನಿ ಎಂದೆ. ಬಂದವರಿಗೆ ಏನು ಕೊಡುವುದು? ಸಾವಾದ ಮನೆಯಲ್ಲಿ ವರ್ಷದವರೆಗೆ ಬಾಣಲೆ ಇಡುವಂತಿಲ್ಲ, ಕರಿಯುವಂತಿಲ್ಲ, ಪಾಯಸವಿಲ್ಲ; ನಿನ್ನ ಅತ್ತೆಯ ಕಟ್ಟುನಿಟ್ಟು ನಿನಗೆ ಗೊತ್ತೇ ಇದೆ. ಆಗ, ಪ್ರತಿ ವರ್ಷ ಈ ದಿನ ನೀನು ಒಲೆ ಹಚ್ಚದೆ ಮಾಡುತ್ತಿದ್ದ ಹಣ್ಣು ಚೀಸಿನ ಕಡ್ಡಿ ತಿಂಡಿ ನೆನಪಾಯಿತು. ಶಾಸ್ತ್ರ ಬರೆದವರಿಗೆ ಚೀಸ್ ಗೊತ್ತಿರಲಿಲ್ಲ, ಹಾಗಾಗಿ ಅಡ್ಡಿಯಿಲ್ಲ.

ಅನಾನಸ್, ಕಪ್ಪು ದ್ರಾಕ್ಷಿ, ಚೀಸ್ ತಂದೆ. ಹೊರಗಿನಿಂದ ಬಂದದ್ದನ್ನೆಲ್ಲ ತೊಳೆದೇ ಒಳಗಿಡುವ ಮನೆಯಲ್ಲವೇ ನಮ್ಮದು? ಹಣ್ಣಿನ ಜೊತೆ ಚೀಸನ್ನೂ ಬಿಚ್ಚಿ, ತುಂಡು ಮಾಡಿ, ಉಪ್ಪು ಅರಿಸಿನದ ನೀರಿಗೆ ಹಾಕಿಬಿಟ್ಟೆ. ಮೇಲೆಲ್ಲ ಲೋಳೆಯಾಗಿ ಕೈಗೆ ಅಂಟಿತು. ಬೇರೆ ದಿನವಾಗಿದ್ದರೆ ಜಲಜಾ ಇದನ್ನು ಬಂದು ಹೋದವರಿಗೆಲ್ಲ ಹೇಳಿ ನಗುತ್ತಿದ್ದಳು. ನಿನ್ನೆ ಬಟ್ಟೆ ತಂದು ಒಂದೊಂದೇ ತುಂಡನ್ನು ಒರೆಸಿದಳು. ದ್ರಾಕ್ಷಿ, ಪುದೀನ ಎಲೆ, ಚೀಸ್, ಅನಾನಸ್ ಕಡ್ಡಿಗೆ ಚುಚ್ಚಿ, ಮೇಲೆ ಜೇನುತುಪ್ಪ ಬಿಟ್ಟು ಮೆಣಸಿನ ಪುಡಿ ಉದುರಿಸಿದೆವು. ಅಳು ಬರಬಹುದೆಂದು ಕಾದೆ, ಬರಲಿಲ್ಲ. ಈ ಎಂಟು ತಿಂಗಳಿಂದ ಎದೆ ಜೋಮು ಹಿಡಿದ ಕಾಲಿನ ಹಾಗಿದೆ.

ಗೆಳೆಯರು ಬಂದರು, ತಿಂದರು. "ಅನಘಾ ಮಾಡ್ದಂಗೇ ಇದೆ ಅಂಕಲ್" ಎಂದು ಉದಯ ಸುಳ್ಳು ಹೇಳಿದ. ಜಲಜಾ ಒಂದು ಕಡ್ಡಿ ತೆಗೆದುಕೊಂಡು, ಹಣ್ಣು ತಿಂದು, ಚೀಸನ್ನು ನನ್ನ ತಟ್ಟೆಗೆ ಹಾಕಿದಳು. ಅವರೆಲ್ಲ ಹೋದ ಮೇಲೆ ತಟ್ಟೆ ತೊಳೆದು ಮಲಗಿದೆವು. ನಿನ್ನ ತಾಯಿ ಕೇಳಿದ್ದಕ್ಕೆ ಏನು ಹೇಳಬೇಕೋ ನನಗೆ ಇನ್ನೂ ತೋಚಿಲ್ಲ. ಕೋಪವಿಲ್ಲ ಕಣಮ್ಮ, ಮಾತು ಹೊರಡುತ್ತಿಲ್ಲ ಅಷ್ಟೆ.

ನಿನ್ನ ತಾಯಿಯವರಿಗೆ ನನ್ನ ನಮಸ್ಕಾರ ತಿಳಿಸು. ಹೊತ್ತಿಗೆ ಸರಿಯಾಗಿ ಊಟ ಮಾಡು, ದೇವರು ನಿನ್ನನ್ನು ಚೆನ್ನಾಗಿಟ್ಟಿರಲಿ.

ನಿನ್ನ ಮಾವ,
ನಾಗಭೂಷಣ್

ತಾ.ಕ.: ಕವರಿಗೆ ಅಂಟು ಹಚ್ಚುತ್ತಿದ್ದಾಗ ಜಲಜಾ ಬಂದು, ಸಂಬಂಧದ ವಿಷಯಕ್ಕೆ ಉತ್ತರ ಬರೆದಿರಾ ಎಂದು ಕೇಳಿದಳು. ಇಲ್ಲ ಎಂದೆ. ಆಮೇಲೆ ಅವಳು ಹೇಳಿದ್ದನ್ನು ಹಾಗೆಯೇ ಬರೆಯುತ್ತಿದ್ದೇನೆ: "ವರ್ಷ ತುಂಬೋ ತನಕ ಮನೇಲಿ ಯಾವ ಶುಭಕಾರ್ಯನೂ ಮಾಡೋ ಹಾಗಿಲ್ಲ, ಮಗಳ ಮದುವೆ ಒಂದನ್ನ ಬಿಟ್ಟು. ಅದಕ್ಕೆ ಕಾಯ್ಬೇಕಾಗಿಲ್ಲ. ದಿನ ನೋಡಕ್ಕೆ ಹೇಳಿ, ಧಾರೆ ನಾವೇ ಎರ್ಕೊಡ್ತೀವಿ."