ಕಂಪನಿಗಿಟ್ಟ ಬೆಲ್ಲ, ನೀರು

ಕಾರ್ಕಳ

ರತ್ನವ್ವಕ್ಕಗ ತಮ್ಮ ಸೋಮಲಿಂಗನ ಶರಣು.

ಇಲ್ಲಿ ಮನಿಗೆ ಬಂದವರಿಗೆ ಮೊದಲು ಬೆಲ್ಲ, ನೀರು ಕೊಡ್ತಾರ. ನಿನ್ನೆ ಊರವರು ನಮ್ಮ ಫ್ಯಾಕ್ಟರಿ ಗೇಟಿನ ಮುಂದ ಒಂದು ಖಾಲಿ ಕುರ್ಚಿ ಹಾಕಿ, ಬೆಲ್ಲ ಇಟ್ಟು, ಫ್ಯಾಕ್ಟರಿ ಹೊಲಸು ಇಳಿದ ಬಾವಿ ನೀರು ಇಟ್ಟಿದ್ರು. ಗುಣವತಿ ಅನ್ನೋ ಮುದುಕಿ ಸಾಹೇಬರನ್ನ ಕೂಗಿ ಕೇಳಿದ್ಳು: "ಮನುಷ್ಯರಿಗೆ ಇರುವ ಹಕ್ಕು ಕಂಪನಿಗೂ ಉಂಟು ಎಂದು ಕೋರ್ಟಿನಲ್ಲಿ ಹೇಳಿದ್ದೀರಿ ಅಲ್ವಾ? ಹಾಗಾದರೆ ಕಂಪನಿಯೇ ಬಂದು ಕುಳಿತುಕೊಳ್ಳಲಿ. ನಮ್ಮ ಬಾವಿಯ ನೀರು ಕುಡಿಯಲಿ."

ಸಾಹೇಬರು ಯಾರೂ ಹೊರಗ ಬರಲಿಲ್ಲ. ಮೇಸ್ತ್ರಿ ನನ್ನ ಮುಂದಕ್ಕ ದಬ್ಬಿದ. ಕಂಪನಿ ಟೊಪಿಗಿ ಹಾಕ್ಕೊಂಡಾಂವ ನಾನು, ಹೋಗಿ ಕುಂತೆ, ಕುಡಿದೆ. ಬೇವಿನ ಕಷಾಯ ಕುಡಿದಂಗಾತು. ಎಲ್ಲಾರೂ ಮೊಬೈಲ್ ಹಿಡಕೊಂಡು ನಿಂತಿದ್ರು. "ನೀರು ಚಲೋ ಐತಿ" ಅಂದುಬಿಟ್ಟೆ.

ಮುದುಕಿ ಬೈಲಿಲ್ಲ. "ಬಾಯಿ ಕಹಿ ಆಗಿರಬಹುದು, ಬೆಲ್ಲ ತಿನ್ನು ಮಗ" ಅಂತ ಕೈಯಾಗ ಇಟ್ಟಳು. ಅದು ಇನ್ನೂ ಕಿಸೆದಾಗ ಐತಿ. ತಿನ್ನಾಕ ಮನಸ್ಸಾಗವಲ್ದು.

ನನ್ನ ಹೊಟ್ಟಿ ಚಿಂತಿ ಮಾಡಬ್ಯಾಡ. ನಮ್ಮ ಶೆಡ್ಡಿಗೆ ಕಂಪನಿಯವರು ದಿನಾ ಟ್ಯಾಂಕರಿನ್ಯಾಗ ಬ್ಯಾರೆ ನೀರು ತರಸ್ತಾರ.

ಕಾರ್ಡಿನ್ಯಾಗ ಜಾಗ ಮುಗೀತು. ಅವ್ವಗ ಓದಿ ಹೇಳುವಾಗ, ನಾ ನೀರು ಚಲೋ ಐತಿ ಅಂದದ್ದೊಂದು ಬಿಟ್ಟು ಓದು.

ಸೋಮಲಿಂಗ